ಗಾಜಿನ ಕೊಳದ ಬಿಲ್ವಪತ್ರೆ

“ಮೇಡಂ, ನನ್ನ ಕೆಲಸ ಅಂದ್ರ ಮಂದಿ ಮನಿಯೊಳಗ ಹೋಗಿ ಮಾಡೋದು. ಕಳ್ಳ ಅಂತ ಹೆಸರು ಬಂದ್ರ ಯಾರು ಒಳಗ ಕರೀತಾರ್ರೀ?”

ಹೀಗೆಂದು ಶಾಕೀರ್ ಬಾಗಿಲ ಬಳಿಯೇ ನಿಂತುಬಿಟ್ಟನು. ಸಿಂಧನೂರಿನಲ್ಲಿ ಮೀನುತೊಟ್ಟಿಗಳನ್ನು ಸಜ್ಜುಗೊಳಿಸಿಕೊಡುವ ಅಂಗಡಿ ಅವನದು. ಲಿಂಗಸುಗೂರಿನ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾಗಿದ್ದ ಪದ್ಮಾವತಿಯವರ ಮನೆಯ ಮಾಳಿಗೆಯಲ್ಲಿ ನಾನು ಬಾಡಿಗೆಗಿದ್ದೆ. ಸುತ್ತಲಿನ ಊರವರು ತಮ್ಮ ಒಗಟುಗಳನ್ನು ಅವರ ಮುಂದೆ ತಂದಿಡುವುದನ್ನೂ, ಅವು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನೂ ಕಾಣುವುದು ನನ್ನ ಭಾಗ್ಯವಾಗಿತ್ತು.

ಸಿಂಧನೂರಿನ ಭತ್ತದ ವ್ಯಾಪಾರಿ ಜಂಬಣ್ಣನ ಮನೆಯ ಪಡಸಾಲೆಯಲ್ಲಿದ್ದ ಬರಿಯ ಮೀನುತೊಟ್ಟಿಗೆ ಶಾಕೀರ್ ಜೀವಂತ ಗಿಡಗಳನ್ನೂ ದೀಪವನ್ನೂ ಅಳವಡಿಸಿದ್ದನು. ಅದರ ಮರುದಿನವೇ ಪಕ್ಕದ ದೇವರಕೋಣೆಯಿಂದ ತಲೆಮಾರುಗಳ ಸ್ಫಟಿಕಲಿಂಗ ಕಾಣೆಯಾಯಿತು. ಮನೆಯೊಳಗೆ ಬಂದ ಹೊರಗಿನವನು ಅವನೊಬ್ಬನೇ. ಜಂಬಣ್ಣ ನಡುಬಜಾರಿನಲ್ಲಿ ಅವನನ್ನು ಕಳ್ಳನೆಂದು ಕರೆದಿದ್ದನು. ಇಂದು ಸಂಜೆಯೊಳಗೆ ಲಿಂಗ ಬಾರದಿದ್ದರೆ ಪೊಲೀಸ್ ಠಾಣೆ.

ಬೀಗದ ವಿಚಾರ ಕೇಳುವರೆಂದು ನಾನೆಣಿಸಿದ್ದೆ. ಪದ್ಮಾವತಿಯವರು ಕೇಳಿದ್ದು ಬೇರೆ. “ಯಾವ ಮೀನು?”

“ಏಂಜಲ್ ರೀ, ಸಿಕ್ಲಿಡ್ ಜಾತಿ. ನೋಡಾಕ ದೇವತಿ ಇದ್ದಂಗ, ಆದ್ರ ಮನಸಿಗೆ ಬಂತಂದ್ರ ನೆಟ್ಟ ಗಿಡಾನ ಕಿತ್ತು ಒಗೀತಾವ. ಅದಕ್ಕ ಅನುಬಿಯಾಸ್ ಅನ್ನೋ ನೀರಿನ ಗಿಡ ಆರಿಸಿ, ದಾರದಿಂದ ಕಲ್ಲಿಗೆ ಕಟ್ಟೀನಿ. ಅದರ ಗಡ್ಡಿ ಮರಳಾಗ ಹೂತರ ಕೊಳೀತದ. ಬೆಳಕೂ ಕಮ್ಮೀನ ಸಾಕು, ಹೆಚ್ಚಾದ್ರ ಎಲಿ ಮ್ಯಾಲ ಪಾಚಿ ಕಟ್ಟತದ. ಮೊದಲ ಗಿಡ ಆರಿಸಬೇಕ್ರೀ, ಆಮ್ಯಾಲ ದೀಪ.”

“ಮೊದಲ ಗಿಡ, ಆಮ್ಯಾಲ ದೀಪ,” ಎಂದು ಅವರು ಮಂತ್ರದಂತೆ ಮೆಲ್ಲನೆ ಉಚ್ಚರಿಸಿ ಚಪ್ಪಲಿ ಮೆಟ್ಟಿದರು.

ಬಸ್ಸಿನ ಕಿಟಕಿಯಲ್ಲಿ ಮಸ್ಕಿಯ ಬಂಡೆಗಳು ಬಿಸಿಲಝಳಕ್ಕೆ ನೆಲ ಬಿಟ್ಟು ತೇಲುವಂತೆ ತೋರಿದವು. ಮುಂದೆ ಕಾಲುವೆಯ ಸೀಮೆ ಬಂದಿತು, ಆದರೆ ಬೇಸಿಗೆಯೆಂದು ನೀರು ನಿಲ್ಲಿಸಿದ್ದರು. ಕಾಲುವೆಯ ತಳದಲ್ಲಿ ಆಡುಗಳು ಮಲಗಿ ನಿದ್ರಿಸುತ್ತಿದ್ದವು.

ಜಂಬಣ್ಣ ಬಾಗಿಲಲ್ಲೇ ಎದುರಾದನು. “ಬರ್ರೀ ಅಕ್ಕಾರ. ಇವನನ್ನೂ ಕರಕೊಂಡು ಬಂದೀರಿ. ಲಿಂಗ ತಂದಾನೇನು?”

“ಸಾವಕಾರ್ರ, ನಾ ನಮಾಜ್ ಮಾಡೋ ಮನಷ್ಯಾ. ನಿಮ್ಮ ದೇವರನ್ನ ಒಯ್ದು ಏನ್ ಮಾಡ್ಲಿ?”

“ಮಾರತೀ ಮತ್ತ, ಇನ್ನೇನ್ ಮಾಡತೀಲೇ?”

ಜಂಬಣ್ಣನ ಹೆಂಡತಿ ಭುವನೇಶ್ವರಿ ಚಹಾ ತರುತ್ತ ಗದರಿದಳು. “ಮೀನಿನ ಹುಚ್ಚು ನಿಮಗ, ಬೈಸ್ಕೊಳ್ಳೋದು ಅವನಾ? ಮೊದಲ ಮಂದೀನ ಕುಂದರಸರಿ.”

ತೊಟ್ಟಿಯ ಎದುರು ಜಂಬಣ್ಣನ ಅಣ್ಣ ಪಂಪಣ್ಣ ಕುಳಿತಿದ್ದರು. ಮದುವೆಯಾಗದೆ ಬಾಳೆಲ್ಲ ಆ ಲಿಂಗದ ಪೂಜೆಯಲ್ಲಿ ಕಳೆದ ವೃದ್ಧರು. ಹಣೆಯ ಮೂರು ವಿಭೂತಿ ಗೆರೆಗಳು ಗಾಳಿಗೆ ಸಿಕ್ಕ ನೀರಿನಂತೆ ಅಲೆಯಲೆಯಾಗಿದ್ದವು. ಎಲ್ಲರೂ ಚಹಾ ಕುಡಿದರು. ಪಂಪಣ್ಣ ಮಾತ್ರ ಕೈಗಳನ್ನು ಶಾಲಿನೊಳಗೇ ಇಟ್ಟುಕೊಂಡಿದ್ದರಿಂದ ಅವರ ಬಟ್ಟಲು ತಣ್ಣಗಾಗುತ್ತಿತ್ತು.

ದೇವರಕೋಣೆಯ ನೆಲದ ಮೇಲೆ ಪದ್ಮಾವತಿಯವರು ಬೆರಳಾಡಿಸಿ, ಸಕ್ಕರೆಯ ಹರಳಿನಂಥದೊಂದನ್ನು ಎತ್ತಿ ಸೆರಗಿನಲ್ಲಿ ಗಂಟುಹಾಕಿದರು. ಬಳಿಕ ತೊಟ್ಟಿಯ ಬಳಿ ಬಂದರು. ಒಳಗೆ ಕಂದುಗತ್ತಲೆ. ಬೆಳ್ಳಿಯ ರೆಕ್ಕೆಗಳ ಎರಡು ಮೀನುಗಳು ಮೂಲೆಯ ಎಲೆಗಳ ಹಿಂದೆ ಕನಸಿನಲ್ಲೆಂಬಂತೆ ತೂಗಾಡುತ್ತಿದ್ದವು.

“ದೀಪ ಯಾಕ ಆರಿಸೀರಿ?”

“ಭಾವಾರು ಹಚ್ಚಬ್ಯಾಡ ಅಂದಾರ್ರೀ, ಮೀನಿನ ಕಣ್ಣಿಗೆ ತ್ರಾಸ ಆಗ್ತದಂತ,” ಎಂದಳು ಭುವನೇಶ್ವರಿ.

ಗಾಜಿಗೆ ಹಣೆಯೊತ್ತಿ ನೋಡಿದ ಶಾಕೀರ್ ಚೀರಿದನು. “ಅಯ್ಯೋ! ಗಿಡದ ದಾರ ಬಿಚ್ಚಿ ಯಾರೋ ಮರಳಾಗ ಹೂತಾರಲ್ರೀ!”

“ಅಲ್ಲಿ, ನೀರು ಹೀರೋ ಕೊಳವಿ ಬಾಯಿಗೆ ಒಂದು ಎಲಿ ಸಿಕ್ಕದ. ಅದು ನಿಂದೇನಪ್ಪಾ?” ಎಂದು ಪದ್ಮಾವತಿಯವರು ಕೇಳಿದರು.

“ಅಲ್ರೀ. ಅದು ನೀರಿನ ಗಿಡದ್ದ ಅಲ್ಲ.”

ನಾನೂ ಬಾಗಿ ನೋಡಿದೆ. ಒಂದೇ ತೊಟ್ಟಿನಲ್ಲಿ ಮೂರು ದಳ. ಬಿಲ್ವಪತ್ರೆ.

ಪದ್ಮಾವತಿಯವರು ಎಲ್ಲರನ್ನೂ ಕೂರಿಸಿ, ಜಂಬಣ್ಣನತ್ತ ತಿರುಗಿದರು. “ನಿಮ್ಮ ಮನಿಯೊಳಗ ಲಿಂಗ ಮುಕ್ಕಾದ್ರ ಏನು ಪದ್ಧತಿ?”

“ಶಿವ ಶಿವಾ! ಮುಕ್ಕಾದ್ದು ಪೂಜಿಗೆ ಬರಂಗಿಲ್ಲ. ಬಿಲ್ವ ಏರಿಸಿ ಹರಿಯೋ ನೀರಿಗೆ ಬಿಡಬೇಕು. ನಮ್ಮ ಹಿರ್ಯಾರು ಕಾಲುವಿಗೆ ಬಿಡತಿದ್ರು.”

“ಕಾಲುವಿ ಒಣಗೇದ. ಹಂಗಾರ ಇವತ್ತು ಈ ಮನಿಯೊಳಗ ಹರಿಯೋ ನೀರು ಎಲ್ಲದ?”

ಪದ್ಮಾವತಿಯವರು ತೊಟ್ಟಿಯತ್ತ ಬೆರಳು ತೋರಿದರು. ಅದರ ಯಂತ್ರದಿಂದ ನೀರು ಸಣ್ಣ ತೊರೆಯಂತೆ ಸುರಿಯುವ ಸದ್ದು ಎಲ್ಲರಿಗೂ ಕೇಳಿಸಿತು.

ಅವರು ಸೆರಗಿನ ಗಂಟು ಬಿಚ್ಚಿದರು. “ಇದು ದೇವರಕೋಣಿಯೊಳಗ ಸಿಕ್ಕ ಸ್ಫಟಿಕದ ಚೂರು. ಲಿಂಗ ಅಲ್ಲೇ ಬಿದ್ದು ಮುಕ್ಕಾಗೇದ. ಕಳ್ಳ ಆಗಿದ್ರ ಎತಗೊಂಡು ಹೋಗತಿದ್ದ, ಬಿಲ್ವ ಏರಸತಿದ್ದಿಲ್ಲ. ಮೀನು ಗಿಡ ಕೀಳತಾವ, ನೆಡಂಗಿಲ್ಲ. ಶಾಕೀರ್ ಅದನ್ನ ಮರಳಾಗ ಹೂಳಾವ ಅಲ್ಲ. ಗಿಡ ಅಂದ ಮ್ಯಾಲ ಬೇರು ಮಣ್ಣಾಗ ಇರಬೇಕು ಅಂತ ತಿಳದ ಕೈ ಅದು. ಹಿಂದಿಂದು ಕಾಣಬಾರದಂತ ಆ ಎಲಿಗೋಳನ್ನ ಮುಂದ ಅಡ್ಡ ನಿಲ್ಲಿಸ್ಯದ. ನೀರಿನೊಳಗ ಸ್ಫಟಿಕ ಕಣ್ಣಿಗೆ ಬೀಳೂದು ಮೊದಲೇ ಕಷ್ಟ. ಆದರೂ ಅಂಜಿಕಿ. ಅದಕ್ಕ ದೀಪಾನೂ ಆರಿಸ್ಯದ.”

ದೀಪ ಬೇಡವೆಂದವರು ಯಾರೆಂಬುದನ್ನು ಅವರು ಮತ್ತೆ ಹೇಳಲಿಲ್ಲ. ಪಂಪಣ್ಣ ಶಾಲಿನಿಂದ ಕೈಗಳನ್ನು ಹೊರತೆಗೆದು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟರು. ಅವು ಎಲೆಯಂತೆ ನಡುಗುತ್ತಿದ್ದವು.

“ಜಳಕ ಮಾಡಸೋವಾಗ ಜಾರಿ ಬಿತ್ತು. ತಿಳದ್ರ ಪೂಜಿ ಬ್ಯಾರೆದವರಿಗೆ ಕೊಡತಿದ್ದಿ, ಜಂಬಣ್ಣ. ಅದೊಂದು ಬಿಟ್ರ ನನಗ ಏನದ? ಈ ಹುಡುಗನ ಮರ್ಯಾದಿ ಹೋಗಾಕತ್ತದಂತ ಗೊತ್ತಿದ್ದೂ ಸುಮ್ಮನ ಕುಂತೆ. ಶಾಕೀರಪ್ಪಾ, ಲಿಂಗ ಮುಕ್ಕಾಗಿದ್ದಕ್ಕಿಂತ ಇದ ದೊಡ್ಡ ಪಾಪ.”

ಶಾಕೀರ್ ಎದ್ದು ಹೋಗಿ ದೀಪದ ಗುಂಡಿಯೊತ್ತಿದನು. ಮೆಲುಬೆಳಕು ನೀರಿನಲ್ಲಿ ಇಳಿಯಿತು. ಎಲೆಗಳ ಹಿಂದೆ ಲಿಂಗ ಕಾಣಿಸಲೇ ಇಲ್ಲ. ಕಂಡದ್ದು ಜೇನುಬಣ್ಣದ ಸಾಸಿವೆಯಂಥ ಕಾಳುಗಳು. ಯಾವ ಆಧಾರವೂ ಇಲ್ಲದೆ ಸಾಲುಸಾಲಾಗಿ ನೀರಿನ ನಡುವೆ ನಿಂತು, ಲಿಂಗದ ಆಕಾರವನ್ನೇ ಅವು ಬರೆದಿದ್ದವು. ಮೀನುಗಳೆರಡೂ ರೆಕ್ಕೆಗಳಿಂದ ಅವಕ್ಕೆ ಚಾಮರ ಬೀಸುತ್ತಿದ್ದವು.

“ತತ್ತಿ ಇಟ್ಟಾವ್ರೀ!” ಎಂದು ಶಾಕೀರ್ ಪಿಸುಗುಟ್ಟಿದನು. “ನೆಟ್ಟಗ ನಿಂತ ನುಣುಪು ಜಾಗ ಹುಡಕತಾವ ಇವು. ಸಾವಕಾರ್ರ, ಕೈ ಹಾಕಬ್ಯಾಡ್ರೀ! ಹೆದರಿದ್ರ ತಮ್ಮ ತತ್ತಿ ತಾವ ತಿಂದುಬಿಡತಾವ.”

ಚಾಚಿದ ಕೈಯನ್ನು ಜಂಬಣ್ಣ ಹಿಂದೆಳೆದು, ಶಾಕೀರನ ತೋಳು ಹಿಡಿದನು. “ನಡಿ ಬಜಾರಕ್ಕ. ಎಲ್ಲಿ ನಿಂತು ಕಳ್ಳ ಅಂದೆನೋ ಅಲ್ಲೇ ನಿಂತು ತಪ್ಪಾತು ಅಂತೀನಿ.”

“ಬರತೀನಿ, ತಡೀರಿ.” ಶಾಕೀರ್ ದೀಪವನ್ನು ಆರಿಸಿ, ಪಂಪಣ್ಣನವರ ಬಳಿ ಕುಕ್ಕರಗಾಲಲ್ಲಿ ಕುಳಿತನು. “ದೊಡ್ಡ ಸಾವಕಾರ್ರ, ಸಿಟ್ಟು ಐತ್ರೀ, ಇಲ್ಲ ಅನ್ನಂಗಿಲ್ಲ. ಆದ್ರ ಇನ್ನ ಮ್ಯಾಲ ಲಿಂಗಕ್ಕ ನೀರು ಹಾಕೋದು ಮಷೀನಿನ ಕೆಲಸ, ಬೀಳೋ ಅಂಜಿಕಿ ಇಲ್ಲ. ದೀಪ ಹಚ್ಚೋದು ನಿಮ್ಮ ಕೆಲಸ. ಮುಂಜಾನೆ ಹಚ್ಚಿ ಸಂಜಿಕ ಆರಸರಿ. ಹೆಚ್ಚು ಹೊತ್ತು ಬಿಟ್ರ ಪಾಚಿ ಕಟ್ಟತದ, ಆವಾಗ ನಾನ ಬಂದು ಬೈತೀನಿ. ಹಚ್ಚರಿ ನೋಡೋಣ.”

ಪಂಪಣ್ಣ ಜಂಬಣ್ಣನ ಮುಖ ನೋಡಿದರು. ಜಂಬಣ್ಣ ಆಗಲೆಂದು ತಲೆಯಾಡಿಸಿದನು. ವೃದ್ಧರು ಎದ್ದು, ಕಣ್ಮುಚ್ಚಿ, ಗುಂಡಿಯ ಮೇಲೆ ಬೆರಳಿಟ್ಟರು. ಬೆರಳು ನಡುಗಿತು, ಹೊತ್ತಿದ ಬೆಳಕು ನಡುಗಲಿಲ್ಲ.