ನಾಲ್ಕೂ ಗಾಲಿ ಎಳೆಯುವ ಗಾಡಿ

"ಗಾಡಿ ನೀನ ಆರಿಸು ಪಾಯಪ್ಪಾ. ನಡಸೂದು ಮಾತ್ರ ಅಳಿಯಂದ್ರು ನಡಸ್ತಾರ. ನೀ ಹಿಂದ ಕಟಗಿ ಮ್ಯಾಲ ಕುಂದರು."

ತಾತ್ಯಾಸಾಹೇಬ ಇದನ್ನು ಆಳುಗಳ ಮುಂದೆಯೇ ಅಂದ. ಅವರು ನಕ್ಕರು.

ಪಾಯಪ್ಪ ತಾತ್ಯಾಸಾಹೇಬನ ಚಿಕ್ಕಪ್ಪನ ಮಗ. ಖಾನಾಪುರದಾಚೆ ಇದ್ದ ಈ ಅಣ್ಣನ ಸ್ವಂತ ಮಾಲ್ಕಿಯ ಕಾಡನ್ನು ಕಾಯುತ್ತ ಹರೆಯ ಸವೆಸಿದವನು. ಸೌದೆ ಸಾಗಿಸಲು ಗಾಡಿ ಬೇಕೆಂದು ಎಷ್ಟೋ ಮಳೆಗಾಲಗಳಿಂದ ಕೇಳಿದ್ದ. ಕೆಸರಿನಲ್ಲಿ ಚಕ್ಕಡಿ ಹೂತು ಎತ್ತಿನ ಕಾಲು ಮುರಿದ ದಿನ ಕಣ್ಣೀರು ಹಾಕಿ ಕೇಳಿದ್ದ. ಬೇರೆ ಎತ್ತು ತಂದರಾಯಿತು ಎಂದಿದ್ದ ತಾತ್ಯಾ. ಈಗ, ೧೯೭೮ರಲ್ಲಿ, ಮಗಳ ಗಂಡ ಭೂಪಾಲ ಬೆಳಗಾವಿಯ ಶಿವಬಸವ ನಗರದಿಂದ ಬಂದು ಕಾಡನ್ನು ತಾನು ನೋಡಿಕೊಳ್ಳುತ್ತೇನೆ ಎಂದದ್ದೇ ತಡ, ಗಾಡಿಗೆ ಒಪ್ಪಿಗೆ ಸಿಕ್ಕಿತು.

ಪಾಯಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಆದರೂ ಮೋರೆಯ ಮೇಲೆ ಒಂದು ಗೆರೆ ಏಳಲಿಲ್ಲ. ಗಾಡಿ ಆರಿಸುತ್ತೇನೆ, ಅದೇ ಗಾಡಿಯಲ್ಲಿ ಮಾವ ಅಳಿಯ ಇಬ್ಬರನ್ನೂ ಜೈಲಿಗೆ ಕಳಿಸುತ್ತೇನೆ ಎಂದುಕೊಂಡ.

ಬೆಳಗಾವಿಯಲ್ಲಿ ಅವನು ಮದುವೆಗೆ ಹೆಣ್ಣು ನೋಡುವವನಂತೆ ಗಾಡಿ ನೋಡಿದ. ಟೆಂಪೋ ಮೊದಲ ಏರಿಗೇ ಕೂರುತ್ತದೆ. ಜೀಪಿಗೆ ಟ್ರೇಲರ್ ಕಟ್ಟಿದರೆ ಇಳಿಜಾರಿನಲ್ಲಿ ಅಡ್ಡ ತಿರುಗುತ್ತದೆ. ಕೊನೆಗೆ ವಡಗಾವಿಯ ಗ್ಯಾರೇಜೊಂದರಲ್ಲಿ, ಮಿಲಿಟರಿ ಹರಾಜಿನಿಂದ ಬಂದ ಸಣ್ಣ ಟ್ರಕ್ಕು ಸಿಕ್ಕಿತು. ಮರಗಳ ನಡುವೆ ನುಸುಳುವಷ್ಟು ಕಿರಿದು. ಬೇಕಾದಾಗ ಗೇರಿನ ಬಾಜುವಿನ ಸಣ್ಣ ಹಿಡಿಕೆ ಹಾಕಿದರೆ ಮುಂದಿನ ಗಾಲಿಗಳೂ ಎಳೆಯುತ್ತವೆ. ಅದಕ್ಕೆ ಕೀಲಿಕೈಯೂ ಇಲ್ಲ. ಗುಂಡಿ ಒತ್ತಿದರೆ ಯಾರಿಗೂ ಚಾಲೂ ಆಗುತ್ತದೆ. ಇದಕ್ಕಿಂತ ಒಳ್ಳೆಯದು ಸಿಗದು ಎಂದು ಅವನು ತಾತ್ಯಾನಿಗೆ ಹೇಳಿದ್ದು ಖರೆಯೇ ಆಗಿತ್ತು.

ತಾತ್ಯಾನ ಕಾಡಿನ ಗಡಿಗೆ ಸರಕಾರಿ ಅರಣ್ಯ. ಅಲ್ಲಿನ ಕೆಸರು ತುಂಬಿದ ಹಳ್ಳದ ನಾಲೆಯೊಳಗೆ ಗಾಳಿಗೆ ಬಿದ್ದ ಸಾಗವಾನಿ ಕೊರಡೊಂದು ಇತ್ತು. ಭಾನುವಾರ ತಾತ್ಯಾ, ಭೂಪಾಲ ಸೇರಿ ಮನೆಯವರೆಲ್ಲ ಮದುವೆಗೆ ಹೋದರು, ಆಳುಗಳಿಗೂ ರಜೆ. ವಡಗಾವಿಯ ತಂಗಿ ಸೋನಾಬಾಯಿಯ ಮನೆಗೆ ಹೋಗುತ್ತೇನೆಂದು ಎಲ್ಲರಿಗೂ ಸಾರಿದ ಪಾಯಪ್ಪ ಖಾನಾಪುರದ ತನಕ ನಡೆದು, ಅಲ್ಲಿಂದ ಅಡ್ಡದಾರಿ ಹಿಡಿದು ತಿರುಗಿ ಬಂದ. ಆಳು ಭರಮವ್ವ ಹಿಂದಿನ ದಿನ ಟ್ರಕ್ಕಿನಲ್ಲಿ ತುಂಬಿಸಿಟ್ಟಿದ್ದ ಸೌದೆಯನ್ನೆಲ್ಲ ಒಬ್ಬನೇ ಇಳಿಸಿದ. ಟ್ರಕ್ಕನ್ನು ನಾಲೆಗೆ ಇಳಿಸಿ, ಸರಪಳಿಯಿಂದ ಕೊರಡನ್ನು ಎಳೆದು ತಂದ. ಹಲಗೆ ಹಾಕಿ ಮೇಲೇರಿಸಿದ. ಅದರ ಮೇಲೆ ಸೌದೆಯನ್ನು ಮೊದಲಿನಂತೆಯೇ ಪೇರಿಸಿದ. ಅಂಗೈ ಸುಲಿದು ಹೋದರೂ ನಿಲ್ಲಲಿಲ್ಲ, ಸಿಟ್ಟಿಗೆ ದಣಿವೆಂಬುದಿಲ್ಲ. ನಾಲ್ಕರ ಬಸ್ಸಿಗೆ ತಂಗಿಯ ಮನೆ ಸೇರಿ, ಮನೆಯ ರೂಢಿಯಂತೆ ಹೊತ್ತು ಮುಳುಗುವ ಮುನ್ನ ಉಂಡು, ಮಲಗಿದ.

ಸೋಮವಾರ ಮುಂಜಾನೆ ಹೋಟೆಲೊಂದರ ಫೋನಿನಿಂದ, ದನಿ ಬದಲಿಸಿ, ಅರಣ್ಯ ಕಚೇರಿಗೆ ಮರಾಠಿಯಲ್ಲಿ ಸುದ್ದಿ ಮುಟ್ಟಿಸಿದ. ಸೌದೆ ಸಾಗಿಸುತ್ತಿದ್ದ ಭೂಪಾಲನನ್ನು ಅರಣ್ಯ ಇಲಾಖೆಯ ತಪಾಸಣೆ ನಾಕಾದಲ್ಲಿ ತಡೆದರು. ಮಧ್ಯಾಹ್ನ ತಾತ್ಯಾನ ಜೊತೆ ಪಾಯಪ್ಪನೂ ಗಾಬರಿಯಿಂದ ಓಡಿಬಂದವನಂತೆ ಅಲ್ಲಿಗೆ ಬಂದ. ಸೌದೆಯೆಲ್ಲ ನೆಲದ ಮೇಲೆ, ಕೊರಡು ಮಾತ್ರ ಗಾಡಿಯಲ್ಲಿ. ಭೂಪಾಲ ಅಳುತ್ತಿದ್ದ. ತಾತ್ಯಾ ಅರಣ್ಯಾಧಿಕಾರಿ ಗುರುಪುತ್ರಪ್ಪನ ಮುಂದೆ ಟೊಪ್ಪಿಗೆ ತೆಗೆದು ಕೈಮುಗಿದು ನಿಂತಿದ್ದ. ಆ ಬೋಳು ತಲೆ ನೋಡಿ ಪಾಯಪ್ಪನ ಎದೆ ತಣ್ಣಗಾಯಿತು.

ಗಾಡಿಯನ್ನು ಅಂಗಳದೊಳಗೆ ನಿಲ್ಲಿಸಲು ಗುರುಪುತ್ರಪ್ಪ ಹೇಳಿದರು. ಭೂಪಾಲ ಹೆಣಗಿದ, ಮುಂಜಾನೆಯಿಂದ ಸ್ಟೇರಿಂಗ್ ಸರಿಯಾಗಿ ತಿರುಗುತ್ತಲೇ ಇಲ್ಲ ಎಂದ. ಗುರುಪುತ್ರಪ್ಪ ತಾವೇ ಹತ್ತಿ, ಗೇರಿನ ಬಾಜು ಬಗ್ಗಿ ನೋಡಿದರು. "ಮುಂದಿನ ಗಾಲಿ ಹಚ್ಚಿದ್ದ ಹಂಗ ಐತಲ್ಲ, ಅದಕ್ಕ ತಿರಗವಲ್ದು. ನಾಲಾದಾಗ ಇಳಿದಾವ್ರು ತಗಿಯೂದು ಮರತಾರ. ಯಾರು ಹಾಕಿದ್ರು ಇದನ್ನ?" ಭೂಪಾಲನಿಗೆ ಪಾಯಪ್ಪನೇ ಗಾಡಿ ನಡೆಸುವುದೆಲ್ಲ ಕಲಿಸಿದ್ದ, ಇದೊಂದನ್ನು ಬಿಟ್ಟು. ಮೊದಲ ಮಳೆಗೇ ಕೆಸರಲ್ಲಿ ಹೂತು ನಾಲ್ಕು ಜನರೆದುರು ನಗೆಪಾಟಲಾಗಲಿ ಎಂದು. ಭೂಪಾಲ ಕಣ್ಣೊರೆಸಿಕೊಂಡು, ಯಾವ ಕಪಟವೂ ಇಲ್ಲದೆ ಹೇಳಿದ: "ಆ ಸಣ್ಣ ಹಿಡಿಕಿ ಹ್ಯಾಂಗ ಹಾಕೂದಂತ ನನಗ ಗೊತ್ತಿಲ್ಲರಿ ಸಾಹೇಬ್ರ. ಅದು ನಮ್ಮ ಪಾಯಪ್ಪ ಕಾಕಾ ಒಬ್ರಿಗೇ ಗೊತ್ತು."