ಕನ್ನಡಕ ಬರೆದ ಹೆಸರು

"ನಾನು ಹೋಗಲ್ಲ ಅಂದ್ರೆ ಹೋಗಲ್ಲ! ಇವರ ಮಧ್ಯೆ ನಿನ್ನೊಬ್ಬಳನ್ನೇ ಬಿಟ್ಟು... ಯಾರು ಏನಂದ್ರು ಅಂತ ನಿನಗೆ ಹೇಳೋರು ಯಾರಮ್ಮಾ?"

ಮಗಳು ಅಮ್ಮನ ಎರಡೂ ಕೆನ್ನೆ ಹಿಡಿದು, ತುಟಿ ಬಿಡಿಸಿ ಬಿಡಿಸಿ ಹೇಳಿದಳು. ಅಮ್ಮ ಹೊಲಿಗೆ ಯಂತ್ರದಿಂದ ಕಾಲು ತೆಗೆದಳು. ಬಾಣಂತಿಯಾಗಿದ್ದಾಗ ಬಂದ ಜ್ವರ ಎರಡೂ ಕಿವಿಗಳನ್ನು ಕೊಂಡೊಯ್ದ ಮೇಲೆ ಆ ಯಂತ್ರದ ಸದ್ದು ಅವಳಿಗೆ ಪಾದದಲ್ಲಿ ತಿಳಿಯುತ್ತಿತ್ತು. ಲೋಕದ ಸದ್ದು ಮಗಳ ತುಟಿಯಲ್ಲಿ. ಮಾತು ಬಂದ ದಿನದಿಂದ ಈ ಮಗುವೇ ಅವಳ ಕಿವಿ. ಈಗ ಮಗುವಿಗೆ ದೂರದ ಊರಿನ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ತನ್ನ ಕಿವಿ ತನ್ನನ್ನು ಬಿಟ್ಟು ಹೋಗಲಿ ಎಂದು ಯಾವ ತಾಯಿ ಬೇಡಿಕೊಂಡಾಳು! ಅವಳು ಬೇಡಿಕೊಂಡಳು.

"ಅದೇನೋ ಮಾತು ಬರೆದು ತೋರಿಸೋ ಸ್ಮಾರ್ಟ್ ಕನ್ನಡಕ ಅಂದ್ಯಲ್ಲ, ಅದು ಕೊಡಿಸು. ಆಮೇಲೆ ಹೊರಡು."

ಕಿಟಕಿಯ ಕಡೆ ಮುಖ ಮಾಡಿ ಬಟ್ಟೆ ಮಡಚುತ್ತಿದ್ದ ಅತ್ತೆ ತಿರುಗಲಿಲ್ಲ. "ಕಿವಿ ಕೇಳದವಳಿಗೆ ಕನ್ನಡಕವಂತೆ! ಬೋಳುತಲೆಗೆ ಬಾಚಣಿಗೆ ಬೇರೆ ತರ್ತೀರಾ?"

ಅತ್ತೆಯ ಬೆನ್ನು ಅಲುಗಿದ್ದು ಅವಳಿಗೆ ಕಂಡಿತು. "ಅಜ್ಜಿ ಏನಂದ್ರು?"

"ಒಳ್ಳೇದೇ ನೋಡಿ ತಗೊಳ್ಳಿ ಅಂದ್ರು," ಮಗಳು ಕಣ್ಣು ಮಿಟುಕಿಸದೆ ಹೇಳಿದಳು. ಅದು ಅವಳಿಗೆ ಎಳವೆಯಿಂದ ಕೈಗೂಡಿದ ವಿದ್ಯೆ.

ಮಗಳ ನೆರವಿಲ್ಲದೆ ಅವಳು ಬೇರೆಯವರ ತುಟಿಯಲ್ಲಿ ಓದಬಲ್ಲ ಮಾತು ಒಂದೇ ಒಂದಿತ್ತು. ಕಿವಿ ಕೇಳುತ್ತಿದ್ದಾಗ ಗಂಡ ಅವಳನ್ನು "ಏ", "ಇವಳೇ" ಎಂದಷ್ಟೇ ಕೂಗುತ್ತಿದ್ದ. ಜ್ವರ ಬಿಟ್ಟೆದ್ದ ಮೇಲೆ, ಬಾಗಿಲಲ್ಲಿ ನಿಂತು ಕೈ ಬೀಸಿ ಕರೆಯುವಾಗ, ಅವನ ತುಟಿಗಳು ಮೊದಲು ಮುಚ್ಚಿ, ಆಮೇಲೆ ಮುತ್ತಿಡುವಂತೆ ದುಂಡಗಾಗತೊಡಗಿದವು... ಮುದ್ದು! ನಂಬಲಾಗದೆ, ಮಗಳು ಬೆಳೆದು ಅಕ್ಷರ ಕಲಿತ ಕೂಡಲೇ ಅವಳನ್ನು ಕೇಳಿದ್ದಳು, ಅಪ್ಪ ನನ್ನನ್ನು ಏನಂತ ಕರೀತಾರೆ ಎಂದು. ಮಗು ಅಪ್ಪನ ಬಾಯಿ ನೋಡಿತು, ಅಮ್ಮನ ಮುಖ ನೋಡಿತು, ಪುಟ್ಟ ಬೆರಳಿನಿಂದ ಅವಳ ಅಂಗೈ ಮೇಲೆ ಬರೆಯಿತು: ಮುದ್ದು. ಅತ್ತೆ ತಟ್ಟೆ ಕುಕ್ಕಿದರೂ, ನಾದಿನಿಯರು ಬಾಯಿಗೆ ಸೆರಗಿಟ್ಟು ನಕ್ಕರೂ, ಗಂಡ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡದಿದ್ದರೂ ಅವಳು ಆ ಎರಡಕ್ಷರ ಉಂಡು ಬದುಕಿದಳು. ಕಿವಿ ಹೋಗಿ ಗಂಡನ ಪ್ರೀತಿ ಬಂತು. ಲೆಕ್ಕ ಸರಿಹೋಯಿತು ಎಂದುಕೊಂಡಿದ್ದಳು.

ಅಂಗಡಿಗೆ ಗಂಡನೂ ಬಂದ. ಅಂಗಡಿಯಾಕೆ ಮೂರು ಬಗೆಯ ಕನ್ನಡಕಗಳನ್ನು ಗಾಜಿನ ಮೇಜಿನ ಮೇಲಿಟ್ಟಳು. ಒಂದರ ಕಡ್ಡಿಯಲ್ಲಿ ಸ್ಪೀಕರು. ಕಿವಿಗೆ ಹಾಡು ಹೇಳುತ್ತದೆ, ದಾರಿ ಹೇಳುತ್ತದೆ.

"ನಂಗೆ ಹಾಡಿದ್ರೆ ಪಾಪ ಅದಕ್ಕೇ ಬೇಜಾರಾಗುತ್ತೆ," ಎಂದಳು ಅವಳು. ಮಗಳೂ ಅಂಗಡಿಯಾಕೆಯೂ ನಕ್ಕರು.

ಇನ್ನೊಂದಕ್ಕೆ ಕ್ಯಾಮೆರಾ. ಗಂಡ ಅದನ್ನೆತ್ತಿ ತನ್ನ ಮೂಗಿಗೇ ಏರಿಸಿಕೊಂಡು ಕನ್ನಡಿ ನೋಡಿಕೊಂಡ. ಮೂರನೆಯದು ನೋಡಲು ಸಾದಾ. ಎದುರಿಗಿದ್ದವರು ಆಡಿದ್ದನ್ನೂ ಬೆನ್ನ ಹಿಂದಿನವರು ಆಡಿದ್ದನ್ನೂ ಗಾಜಿನ ಮೇಲೆ ಹಸಿರು ಅಕ್ಷರಗಳಲ್ಲಿ ಬರೆಯುತ್ತದೆ. ಅವಳು ಅದನ್ನು ಹಾಕಿಕೊಂಡಳು. "ಕೆಲವು ಸಲ ತಪ್ಪೂ ಬರೆಯುತ್ತೆ ಮೇಡಂ, ಬಾಯಲ್ಲಿ ಏನಾದ್ರೂ ಇಟ್ಕೊಂಡು ಮಾತಾಡಿದ್ರೆ," ಎಂದಳು ಅಂಗಡಿಯಾಕೆ. ಆ ಮಾತೂ ಅವಳ ಕಣ್ಣ ಮುಂದೆ ತೇಲಿತು. ಅಬ್ಬಾ... ಲೋಕ ಮತ್ತೆ ಮಾತಾಡುತ್ತಿತ್ತು! ಖುಷಿ ತಡೆಯಲಾರದೆ ಅವಳು ಅಂಗಡಿಯ ಬೀದಿಬಾಗಿಲಿನ ತನಕ ನಡೆದು ಹೋಗಿ ನಿಂತಳು.

ಹಿಂದಿನಿಂದ ಹಸಿರು ಅಕ್ಷರಗಳು ಬಂದವು.

ಏ ಮೊದ್ದು, ಬೇಗ ಆರಿಸು. ಹೊತ್ತಾಯ್ತು.

ಯಾರನ್ನೋ ಕರೆದಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಮುಂದಿನ ಸಾಲು.

ಅಪ್ಪಾ! ಇವತ್ತಾದ್ರೂ ಹಾಗೆ ಕರೀಬೇಡಿ ಅಂತ ಬೆಳಿಗ್ಗೆ ಅಷ್ಟು ಬೇಡಿಕೊಂಡ್ನಲ್ಲ...

ಬಾಯಿಗೆ ಬಂದುಬಿಡ್ತು ಕಣೆ. ನಿಮ್ಮಜ್ಜಿ ಇಟ್ಟ ಹೆಸರು, ಮನೆಮಂದಿಯೆಲ್ಲ ಕರೆಯೋದೂ ಅದೇ. ಅವಳಿಗೆಲ್ಲಿ ಕೇಳುತ್ತೆ!

ಮುದ್ದು... ಮೊದ್ದು. ತುಟಿಗೆ ಎರಡೂ ಒಂದೇ! ಅದೇ ಮುಚ್ಚುವಿಕೆ, ಅದೇ ದುಂಡು. ಇಷ್ಟು ವರ್ಷ ತಾನು ಎದೆಗವಚಿಕೊಂಡದ್ದು ಒಂದು ಬೈಗುಳವನ್ನೇ? ನಾದಿನಿಯರ ನಗು, ಆ ಹೆಸರಿಗೆ ತಾನು ನಾಚಿ ಓಡಿ ಹೋಗುತ್ತಿದ್ದದ್ದು... ಅಯ್ಯೋ! ಅದಕ್ಕೇ ನಕ್ಕಿದ್ದರು! ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ನಿಂತಳು.

ಮಗಳು ಓಡಿ ಬಂದು ಎದುರು ನಿಂತಳು. ಮುಖ ಬಿಳುಚಿತ್ತು. "ಅಮ್ಮಾ, ಇದು ಬೇಡ. ಆ ಕ್ಯಾಮೆರಾದ್ದೇ ತಗೊಳ್ಳೋಣ. ನಾನು ಹೇಗೂ ಇಲ್ಲೇ ಇರ್ತೀನಲ್ಲ, ಮಾತು ನಾನೇ ಹೇಳ್ತೀನಿ..."

ಅವಳು ಮಗಳ ಕೈ ನೋಡಿದಳು. ಅಂಗೈ ಮೇಲೆ ಅಕ್ಷರ ತಿದ್ದಿದ ಬೆರಳು. ಅಮ್ಮನಿಗಾಗಿ ಸುಳ್ಳು ಹೇಳುತ್ತಲೇ ಬೆಳೆದ ಮಗು! ಬೇಡ ಎಂದರೆ ಈ ಮಗು ಇಲ್ಲೇ ಉಳಿಯುತ್ತದೆ. ಸುಳ್ಳು ಹೇಳುತ್ತ ಹೇಳುತ್ತ ಇದೇ ಮನೆಯಲ್ಲಿ ಮುದುಕಿಯಾಗುತ್ತದೆ.

"ಇದೇ ಇರಲಿ," ಎಂದಳು.

"ಏನು... ಏನು ಬರೀತಮ್ಮಾ ಅದು?"

"ಬೀದಿ ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ. ಒಂದು ಮಾತು ಮಾತ್ರ ಕಾಣಿಸ್ತು." ಅವಳು ನಕ್ಕಳು. "ಮುದ್ದು ಅಂತ. ನೀನು ಅಂಗೈಲಿ ಬರೆದಿದ್ಯಲ್ಲ, ಹಾಗೇ."

ಮಗಳು ಅವಳನ್ನು ತಬ್ಬಿಕೊಂಡು ಬಿಕ್ಕಿದಳು. ನಂಬಿದಳೋ, ನಂಬಬೇಕೆಂದು ಅತ್ತಳೋ!

ಮಗಳು ಹೊರಟು ಹೋದಳು. ಮನೆ ಮಾತಾಡತೊಡಗಿತು. ಅತ್ತೆಯ ಬೆನ್ನು ಆಡಿದ್ದೆಲ್ಲ ಈಗ ಗಾಜಿನ ಮೇಲೆ ಬರುತ್ತಿತ್ತು. ಮೊದ್ದು ಬಟ್ಟೆ ಒಣಹಾಕಿದ್ಲಾ... ಮೊದ್ದು ನೀರು ಕೊಡು... ಮೊದ್ದುಮಣಿಗೆ ಈಗ ನಾಲ್ಕು ಕಣ್ಣು! ಕರೆದಾಗಲೆಲ್ಲ ಅವಳು "ಬಂದೆ" ಎಂದಳು. ಮಗಳು ವೀಡಿಯೊ ಕರೆಯಲ್ಲಿ "ಹೇಗಿದೆಯಮ್ಮಾ ಕನ್ನಡಕ?" ಎಂದಾಗ, "ಎಲ್ಲರೂ ಚೆನ್ನಾಗಿ ಮಾತಾಡ್ತಾರೆ ಕಣೆ," ಎಂದಳು.

ಒಂದು ಮಧ್ಯಾಹ್ನ ಗಂಡ ಊಟಕ್ಕೆ ಕುಳಿತಿದ್ದ. ಅವಳು ಒಲೆಯ ಕಡೆ ತಿರುಗಿದ್ದಳು. ಹಸಿರು ಅಕ್ಷರಗಳು ಮೂಡಿದವು.

ಮುದ್ದು, ಇನ್ನೊಂದು ಸ್ವಲ್ಪ ಹಾಕು.

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಮೆಲ್ಲನೆ ತಿರುಗಿ ನೋಡಿದಳು. ಅವನ ಬಾಯ್ತುಂಬ ತುತ್ತಿತ್ತು.

ಅಕ್ಷರಗಳು ಕರಗಿ ಹೋಗುವ ತನಕ ಅವಳು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಬಡಿಸಿದಳು.