ಚಾಕೊಲೇಟಿನ ಜೊತೆ ಬಂದ ರಾಜರು

ನನ್ನ ಗಂಡ ಆಂಡೊನಿ ತೀರಿಕೊಂಡ ಮೇಲೂ ತೊಲೋಸಾ ಊರಿನ ಅತ್ತೆಯ ಮನೆಯಲ್ಲಿ ಭಾನುವಾರದ ಊಟವಾದ ನಂತರ ಇಸ್ಪೀಟು ನಿಲ್ಲಲಿಲ್ಲ. ಚಾಕೊಲೇಟಿನ ಜೊತೆ ಪುಕ್ಕಟೆ ಬರುತ್ತಿದ್ದ ಎಲೆಗಳನ್ನು ಅವನ ಮುತ್ತಜ್ಜಿ ಒಂದೊಂದಾಗಿ ಕೂಡಿಸಿದ ಕಟ್ಟು ಅದು. ಪ್ರತಿ ಎಲೆಯ ಬೆನ್ನಿಗೂ ಕಂಪನಿಯ ಜಾಹೀರಾತು, ಮುಖಕ್ಕೆ ನಮ್ಮ ಕಡೆಯ ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆಯ ಗುರುತು.

ಆ ದಿನ ಕಟ್ಟನ್ನೇ ಪಣಕ್ಕಿಟ್ಟೆವು. ನನಗದು ಬೇಕಿತ್ತು, ಅವನ ಕೈ ಅಷ್ಟು ಮುಟ್ಟಿದ ವಸ್ತು ಬೇರೆ ಇರಲಿಲ್ಲ. ಅತ್ತೆ ಮತ್ತು ಮೈದುನ ಕೋಲ್ಡೊ ಒಂದು ಜೋಡಿ. ನನಗೆ ಜೋಡಿ ಎದುರಿನ ಆಂಡೊನಿಯ ಖಾಲಿ ಕುರ್ಚಿ. ಅದರ ಮುಂದೆಯೂ ನಾಲ್ಕು ಎಲೆ ಬೋರಲು ಹಾಕಿದರು.

ನಮ್ಮ ಆಟದಲ್ಲಿ ರಾಜನೇ ದೊಡ್ಡ ಎಲೆ, ಯಾರ ಕೈಯಲ್ಲಿ ಹೆಚ್ಚು ರಾಜರೋ ಅವರ ಜೋಡಿಗೆ ಗೆಲುವು. ಜೊತೆಗಾರನಿಗೆ ಸನ್ನೆ ಮಾಡಬಹುದು, ಸುಳ್ಳು ಸನ್ನೆ ಮಾತ್ರ ಮಾಡುವಂತಿಲ್ಲ. ಕೆಳತುಟಿ ಕಚ್ಚಿದರೆ ಎರಡು ರಾಜ.

"ಅತ್ತಿಗೆ, ನಿಮ್ಮ ಜೊತೆಗಾರ ಇವತ್ತು ಭಾಳ ಗಂಭೀರ," ಎಂದ ಕೋಲ್ಡೊ.

"ನಿನ್ನ ಹಾಗೆ ವಟವಟ ಅನ್ನಲ್ಲ ಬಿಡು," ಎಂದೆ.

ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು. ಕುರ್ಚಿಯ ಕಡೆಯಿಂದ ಚಾಕೊಲೇಟಿನ ವಾಸನೆಯೂ ಬಂತು. ಮೇಜಿನ ಮೇಲೆ ಕಾಫಿ ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲಾ ಪಣಕ್ಕೆ," ಎಂದೆ. ಎದುರಾಳಿ ಒಪ್ಪಿದರೆ ಇಡೀ ಆಟ ಈ ಒಂದೇ ಸುತ್ತಿನಲ್ಲಿ ತೀರ್ಮಾನ. ನನ್ನ ಕೈಯಲ್ಲಿ ಒಂದೂ ರಾಜ ಇರಲಿಲ್ಲ.

"ಒಪ್ಪಬೇಡ ಕಣೋ," ಎಂದರು ಅತ್ತೆ. "ಅವನ ಹತ್ರ ಎರಡು ರಾಜ ಇದೆ. ಈಗ ತಾನೇ ತುಟಿ ಕಚ್ಚಿದ, ನೋಡ್ದೆ."

"ಕುರ್ಚಿಗೆ ತುಟಿ ಎಲ್ಲಿಂದ ಬಂತಮ್ಮಾ?" ಒಂದೇ ರಾಜನಿದ್ದ ಕೋಲ್ಡೊ ನಗುತ್ತಲೇ ಒಪ್ಪಿದ.

ಅತ್ತೆಯೇ ಆ ಎಲೆಗಳನ್ನು ತಿರುಗಿಸಿದರು. ಬಟ್ಟಲಿನ ರಾಜ, ನಾಣ್ಯದ ರಾಜ. ನಾನು ಎತ್ತಿಕೊಂಡಾಗ ಬೆಚ್ಚಗಿದ್ದವು.

"ಕಳ್ಳ," ಎಂದರು ಅತ್ತೆ, ಕುರ್ಚಿಗೆ. "ಬದುಕಿದ್ದಾಗ್ಲೂ ಹಿಂಗೇ ಸೋಲಿಸ್ತಿದ್ದೆ."

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಟ್ಟು ಈಗ ನನ್ನ ಮನೆಯಲ್ಲಿದೆ. ಬರಿಗೈಯಲ್ಲಿ ಅಷ್ಟು ದೊಡ್ಡ ಪಣ ಯಾಕೆ ಕಟ್ಟಿದಿರಿ ಎಂದು ಕೋಲ್ಡೊ ಈಗಲೂ ಕೇಳುತ್ತಾನೆ. ಅತ್ತೆ ಒಂದು ಸಲವೂ ಕೇಳಿಲ್ಲ.